ಬಣ್ಣ ಹಚ್ಚಿದ ಕಿರುಗೊಂಬೆಗೆ ಎಂಥ ಕ್ಯಾಮೆರಾ ಬೇಕು?

ವಾರ್‌ಹ್ಯಾಮರ್‌ನಂಥ ಮೇಜಿನಾಟಗಳ ಗೊಂಬೆಗಳನ್ನು 28 ಮಿ.ಮೀ. ಅಳತೆಯವು ಎನ್ನುತ್ತಾರೆ. ಅದು ಪಾದದಿಂದ ಕಣ್ಣಿನ ಮಟ್ಟದವರೆಗಿನ ಲೆಕ್ಕ. ಶಿರಸ್ತ್ರಾಣ, ಎತ್ತಿದ ಕತ್ತಿ, ಕಾಲಡಿಯ ಬೇಸ್ ಸೇರಿಸಿದರೆ 40 ಮಿ.ಮೀ. ಆಸುಪಾಸು. ಇಷ್ಟರಲ್ಲೇ ಕಣ್ಣುಗುಡ್ಡೆ, ತುಟಿ, ಬೆಲ್ಟಿನ ಬಕಲು, ಕವಚದ ಅಂಚಿಗೆ ಎಳೆದ ಕೂದಲೆಳೆಯಂಥ ಬೆಳಕಿನ ಗೆರೆ, ಎಲ್ಲವೂ ಇರುತ್ತವೆ. ವಾರಗಟ್ಟಲೆ ಕೂತು ಹಚ್ಚಿದ ಬಣ್ಣ ಕೈಯಲ್ಲಿ ಹಿಡಿದು ನೋಡಿದರೆ ಕಣ್ಣು ತುಂಬುತ್ತದೆ. ಫೋಟೋ ತೆಗೆದರೆ ಮುಖ ಮಸುಕು, ಕೆಂಪು ಕವಚ ಕಿತ್ತಳೆ, ಮುಂದೆ ಚಾಚಿದ ಬಂದೂಕು ತಲೆಗಿಂತ ದೊಡ್ಡದು. ಮೂರಕ್ಕೂ ಕಾರಣ ಬೇರೆ ಬೇರೆ, ಮೆಗಾಪಿಕ್ಸೆಲ್ ಕೊರತೆ ಮಾತ್ರ ಅದರಲ್ಲಿ ಯಾವುದೂ ಅಲ್ಲ.

ಇಲ್ಲಿ ಹೇಳುವುದೆಲ್ಲ ಮಿನಿಯೇಚರ್ ಎಂದು ಕರೆಯುವ ಪ್ಲಾಸ್ಟಿಕ್, ರೆಸಿನ್, ಲೋಹದ ಗೊಂಬೆಗಳ ಬಗ್ಗೆ. ಮೊಘಲ್, ರಜಪೂತ ಶೈಲಿಯ ಕಿರುಚಿತ್ರಗಳೂ ಮಿನಿಯೇಚರ್ ಎನ್ನಿಸಿಕೊಳ್ಳುತ್ತವೆ. ಆದರೆ ಅವು ಚಪ್ಪಟೆ ಹಾಳೆಯ ಮೇಲಿನ ಚಿತ್ರಗಳು, ಅವಕ್ಕೆ ಗೊಂಬೆಯ ದೊಡ್ಡ ಕಾಟವಾದ ಆಳದ ಸಮಸ್ಯೆಯೇ ಇಲ್ಲ.

ಮೊದಲು ಒಂದು ಸಂಖ್ಯೆ

ಕ್ಯಾಮೆರಾ ಹುಡುಕುವ ಮುನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆ 50 ಮಿ.ಮೀ. ಗೊಂಬೆ 40, ಮೇಲೆ ಕೆಳಗೆ ಸ್ವಲ್ಪ ಖಾಲಿ ಜಾಗ. ಅಂದರೆ ಚೌಕಟ್ಟಿನ ಉದ್ದ ಬದಿಯಲ್ಲಿ 50 ಮಿ.ಮೀ. ತುಂಬಿಸಬಲ್ಲಷ್ಟು ಹತ್ತಿರದಿಂದ ಸ್ಪಷ್ಟ ಚಿತ್ರ ಕೊಡುವ ಕ್ಯಾಮೆರಾ ಬೇಕು. ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಫಲಕವೇ ಸೆನ್ಸರ್. ಅದರ ಉದ್ದವನ್ನು 50ರಿಂದ ಭಾಗಿಸಿದರೆ ಲೆನ್ಸ್ ಎಷ್ಟು ವರ್ಧನೆ ಕೊಡಬೇಕು, ಅಂದರೆ ಸೆನ್ಸರ್ ಮೇಲಿನ ಬಿಂಬ ನಿಜ ಗೊಂಬೆಯ ಎಷ್ಟು ಪಟ್ಟು ಇರಬೇಕು ಎಂಬುದು ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಉದ್ದ, ಆದ್ದರಿಂದ 0.72 ಪಟ್ಟು. ನಿಕಾನ್, ಸೋನಿಗಳ ಎಪಿಎಸ್-ಸಿ ಸೆನ್ಸರ್ 23.5 ಮಿ.ಮೀ., 0.47 ಪಟ್ಟು. ಮೈಕ್ರೋ ಫೋರ್ ಥರ್ಡ್ಸ್ 17.3 ಮಿ.ಮೀ., 0.35 ಪಟ್ಟು. ಹಳೆಯ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾಗಳ 1/2.3 ಇಂಚಿನ ಸೆನ್ಸರ್ 6 ಮಿ.ಮೀ. ಚಿಲ್ಲರೆ, 0.12 ಪಟ್ಟು ಸಾಕು.

ಇದರಲ್ಲೇ ಒಂದು ವಿಷಯ ಸ್ಪಷ್ಟವಾಗುತ್ತದೆ: ಸೆನ್ಸರ್ ದೊಡ್ಡದಾದಷ್ಟೂ ಅದೇ ಗೊಂಬೆಗೆ ಹೆಚ್ಚು ವರ್ಧನೆ ಬೇಕು. ವರ್ಧನೆ ಏರಿದಂತೆ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ.

ಎಷ್ಟು ಆಳ ಸ್ಪಷ್ಟ?

ಯಾವ ಲೆನ್ಸೂ ಒಂದೇ ಒಂದು ದೂರಕ್ಕೆ ಸರಿಯಾಗಿ ಫೋಕಸ್ ಮಾಡುತ್ತದೆ. ಅದರ ಹಿಂದೆ ಮುಂದೆ ಕೊಂಚ ಅಂತರ ಕಣ್ಣಿಗೆ ಸ್ಪಷ್ಟ ಎನಿಸುತ್ತದೆ. ದೂರದ ಬೆಟ್ಟದ ಫೋಟೋದಲ್ಲಿ ಈ ಅಂತರ ಕಿಲೋಮೀಟರುಗಟ್ಟಲೆ, ಕಿರುಗೊಂಬೆಯ ಫೋಟೋದಲ್ಲಿ ಮಿಲಿಮೀಟರುಗಳು. ಇದನ್ನು ಹೆಚ್ಚುಕಡಿಮೆ ಮಾಡುವುದು ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಹಾಯುವ ಕಂಡಿ. ಎಫ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಸಣ್ಣದು. 50 ಮಿ.ಮೀ. ಚೌಕಟ್ಟು ಇಟ್ಟುಕೊಂಡು ಅಪರ್ಚರ್ ಎಫ್/11ರಲ್ಲಿ ಲೆಕ್ಕ ಹಾಕಿದರೆ ಫುಲ್ ಫ್ರೇಮ್‌ನಲ್ಲಿ ಸುಮಾರು 2.2 ಮಿ.ಮೀ., ಎಪಿಎಸ್-ಸಿಯಲ್ಲಿ 2.9, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 3.7. ಎಪಿಎಸ್-ಸಿಯಲ್ಲೇ ಎಫ್/5.6 ಇಟ್ಟರೆ ಒಂದೂವರೆ ಮಿ.ಮೀ. ಮಾತ್ರ. ಗೊಂಬೆಯ ಬೇಸ್ ಅಗಲ 25 ಅಥವಾ 32 ಮಿ.ಮೀ. ಮೂಗಿನ ತುದಿಯಿಂದ ಭುಜದ ಕವಚದವರೆಗೆ ಹೋಗುವಷ್ಟರಲ್ಲೇ ಐದಾರು ಮಿ.ಮೀ. ಕಳೆದಿರುತ್ತದೆ. ಆಟೋ ಮೋಡ್‌ನಲ್ಲಿ ಕ್ಯಾಮೆರಾ ಬೆಳಕು ಸಾಲದೆಂದು ಅಪರ್ಚರ್ ಅಗಲಿಸುತ್ತದೆ. ಫೋಕಸ್ ಅದರಷ್ಟಕ್ಕೆ ಹತ್ತಿರದ ಬಂದೂಕಿನ ಮೂತಿಯನ್ನು ಹಿಡಿಯುತ್ತದೆ, ಮುಖ ಮಸುಕಾಗುತ್ತದೆ. ಬಹುಪಾಲು ಕೆಟ್ಟ ಫೋಟೋಗಳ ಹಿಂದೆ ಇರುವುದು ಇಷ್ಟೇ.

ಹಾಗಾದರೆ ಎಫ್/22, ಎಫ್/32ಕ್ಕೆ ಹೋದರೆ? ಆಳ ಹೆಚ್ಚುತ್ತದೆ, ಆದರೆ ಇಡೀ ಚಿತ್ರ ಮೃದುವಾಗುತ್ತದೆ. ಸಣ್ಣ ಕಂಡಿಯ ಮೂಲಕ ಹಾಯುವ ಬೆಳಕು ಅಂಚಿನಲ್ಲಿ ಚದುರುವುದರಿಂದ ಪ್ರತಿ ಬಿಂದುವೂ ಒಂದು ಚಿಕ್ಕ ತಟ್ಟೆಯಾಗಿ ಹರಡುತ್ತದೆ. ಇದಕ್ಕೆ ಡಿಫ್ರಾಕ್ಷನ್ ಎನ್ನುತ್ತಾರೆ. ಹತ್ತಿರದ ಫೋಟೋದಲ್ಲಿ ಇದು ಬೇಗ ಕಾಡುವುದಕ್ಕೆ ಕಾರಣವಿದೆ. ಸಾಮಾನ್ಯ ರಚನೆಯ ಲೆನ್ಸ್‌ನಲ್ಲಿ ಅಪರ್ಚರ್‌ನ ನಿಜವಾದ ಪರಿಣಾಮ ಕ್ಯಾಮೆರಾ ತೋರಿಸುವ ಸಂಖ್ಯೆಯನ್ನು ‘ಒಂದು ಕೂಡಿಸು ವರ್ಧನೆ’ಯಿಂದ ಗುಣಿಸಿದಷ್ಟಾಗುತ್ತದೆ. ಅಂದರೆ 0.47 ಪಟ್ಟು ವರ್ಧನೆಯಲ್ಲಿ ಎಫ್/11 ಎಂದರೆ ನಿಜಕ್ಕೂ ಎಫ್/16, ಎಫ್/22 ಎಂದರೆ ಎಫ್/32. ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/11ರಿಂದ ಎಫ್/16ರ ನಡುವೆ ನಿಲ್ಲುವುದು ಒಳ್ಳೆಯದು. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/8ರಿಂದ ಎಫ್/11, ಫುಲ್ ಫ್ರೇಮ್‌ನಲ್ಲಿ ಎಫ್/16ರಿಂದ ಎಫ್/22.

ಇದಕ್ಕಿಂತ ಸುಲಭದ ದಾರಿ ಹಿಂದೆ ಸರಿಯುವುದು. ಚೌಕಟ್ಟು ತುಂಬಲೇಬೇಕು ಎಂಬ ಹಟ ಬಿಟ್ಟು 100 ಮಿ.ಮೀ. ಅಗಲಕ್ಕೆ ಫೋಟೋ ತೆಗೆದು, ಆಮೇಲೆ ಗೊಂಬೆಯ ಸುತ್ತ ಕತ್ತರಿಸಿ. 24 ಮೆಗಾಪಿಕ್ಸೆಲ್ ಎಂದರೆ 6000 × 4000 ಚುಕ್ಕಿ. ಅರ್ಧಕ್ಕೆ ಕತ್ತರಿಸಿದರೂ ಉದ್ದ ಬದಿಯಲ್ಲಿ 3000 ಚುಕ್ಕಿ ಉಳಿಯುತ್ತವೆ, ಪರದೆಯ ಮೇಲೆ ನೋಡಲು 1500 ಇದ್ದರೂ ಧಾರಾಳ. ಹೀಗೆ ಮಾಡಿದರೆ ಎಪಿಎಸ್-ಸಿಯಲ್ಲಿ ಎಫ್/11ಕ್ಕೆ ಸಿಗುವ ಆಳ 2.9ರಿಂದ ಸುಮಾರು 5 ಮಿ.ಮೀ.ಗೆ ಏರುತ್ತದೆ. ಕತ್ತರಿಸಿ ಹಿಗ್ಗಿಸಿದಾಗ ಮಸುಕೂ ಹಿಗ್ಗುತ್ತದೆ ಎಂಬುದನ್ನು ಸೇರಿಸಿಯೇ ಈ ಲೆಕ್ಕ. ಈ ಕೆಲಸದಲ್ಲಿ ಮೆಗಾಪಿಕ್ಸೆಲ್‌ಗೆ ಬೆಲೆ ಇರುವುದು ಇದೊಂದೇ ಕಡೆ.

ಬಂದೂಕು ಯಾಕೆ ಊದಿಕೊಳ್ಳುತ್ತದೆ

ಲೆನ್ಸ್ ಗೊಂಬೆಯ ಮುಖದಿಂದ 10 ಸೆಂ.ಮೀ. ದೂರದಲ್ಲಿದೆ, ಬಂದೂಕಿನ ಮೂತಿ ಮುಖಕ್ಕಿಂತ 2 ಸೆಂ.ಮೀ. ಮುಂದಿದೆ ಎನ್ನೋಣ. ಮೂತಿ ಲೆನ್ಸ್‌ಗೆ 8 ಸೆಂ.ಮೀ. ದೂರದಲ್ಲಿರುವುದರಿಂದ ಮುಖಕ್ಕೆ ಹೋಲಿಸಿದರೆ ಶೇ 25ರಷ್ಟು ದೊಡ್ಡದಾಗಿ ಮೂಡುತ್ತದೆ. ಅದೇ 40 ಸೆಂ.ಮೀ. ದೂರದಿಂದ ತೆಗೆದರೆ ಹೆಚ್ಚಳ ಶೇ 5 ಮಾತ್ರ. ಲೆನ್ಸ್ ಯಾವುದೇ ಇರಲಿ, ಈ ವಿಕಾರವನ್ನು ನಿರ್ಧರಿಸುವುದು ದೂರ. ತೀರಾ ಹತ್ತಿರ ಹೋದರೆ ಇನ್ನೊಂದು ಕಷ್ಟವೂ ಇದೆ: ಲೆನ್ಸ್‌ನ ನೆರಳೇ ಗೊಂಬೆಯ ಮೇಲೆ ಬೀಳುತ್ತದೆ, ದೀಪ ಹಾಯಲು ಜಾಗ ಉಳಿಯುವುದಿಲ್ಲ. ಒಂದು ಸೆಂಟಿಮೀಟರ್ ಹತ್ತಿರದಿಂದ ಫೋಕಸ್ ಮಾಡುತ್ತೇನೆ ಎನ್ನುವ ಕ್ಯಾಮೆರಾದ ಆ ಗುಣ ಹೂವಿನ ಕೇಸರಕ್ಕೆ ಚೆನ್ನ, ಇಲ್ಲಿ ಅನುಕೂಲಕ್ಕೆ ಬರುವುದಿಲ್ಲ. ಕಾಂಪ್ಯಾಕ್ಟ್ ಕ್ಯಾಮೆರಾಗಳ ಹೂವಿನ ಗುರುತಿನ ಮೋಡ್ ಸಾಮಾನ್ಯವಾಗಿ ಝೂಮ್ ಮಾಡದಿರುವಾಗ ಮಾತ್ರ ಅಷ್ಟು ಹತ್ತಿರ ಫೋಕಸ್ ಮಾಡುತ್ತದೆ. ಝೂಮ್ ಮಾಡಿದ ಕೂಡಲೇ ಕನಿಷ್ಠ ದೂರ ಮೂವತ್ತು, ಅರವತ್ತು ಸೆಂ.ಮೀ.ಗೆ ಜಿಗಿಯಬಹುದು. ಜಾಹೀರಾತಿನಲ್ಲಿ ಮೊದಲನೆಯ ಅಂಕಿಯನ್ನಷ್ಟೇ ಬರೆದಿರುತ್ತಾರೆ, ನೋಡಬೇಕಾದದ್ದು ಎರಡನೆಯದು.

ಲೆನ್ಸ್: ಜೊತೆಗೆ ಬಂದದ್ದೇ ಸಾಕಾಗುತ್ತದೆ

ಹಲವರು ಇಲ್ಲಿ ಸುಮ್ಮನೆ ದುಡ್ಡು ಸುರಿಯುತ್ತಾರೆ. ಎಪಿಎಸ್-ಸಿ ಕ್ಯಾಮೆರಾ ಜೊತೆಗೆ ಬರುವ 18–55 ಮಿ.ಮೀ. ಲೆನ್ಸ್ ಈ ಕೆಲಸಕ್ಕೆ ಆಶ್ಚರ್ಯವಾಗುವಷ್ಟು ಚೆನ್ನಾಗಿ ಒದಗುತ್ತದೆ. ಕ್ಯಾನನ್‌ನ 18–55 ಎಫ್/3.5–5.6 ಐಎಸ್ ಎಸ್‌ಟಿಎಂ ಲೆನ್ಸ್ ಗರಿಷ್ಠ 0.36 ಪಟ್ಟು ವರ್ಧನೆ ಕೊಡುತ್ತದೆ. ಕ್ಯಾನನ್ ಸೆನ್ಸರ್ 22.3 ಮಿ.ಮೀ. ಆದ್ದರಿಂದ ಚೌಕಟ್ಟಿನ ಉದ್ದ ಬದಿಯಲ್ಲಿ 62 ಮಿ.ಮೀ. ತುಂಬುತ್ತದೆ. ಒಂದು ಗೊಂಬೆಗೆ ಇಷ್ಟು ಸಾಕು, ಸ್ವಲ್ಪ ಕತ್ತರಿಸಿದರಾಯಿತು. ಝೂಮ್ ಅನ್ನು 55ಕ್ಕೆ ಇಟ್ಟು ತೆಗೆಯಬೇಕು. ಪೆಟ್ಟಿಗೆಯ ಮೇಲೆ ಬರೆದ ಕನಿಷ್ಠ ಫೋಕಸ್ ದೂರ 25 ಸೆಂ.ಮೀ. ಎಂಬುದನ್ನು ಸೆನ್ಸರ್‌ನಿಂದ ಅಳೆದಿರುತ್ತಾರೆ, ಲೆನ್ಸ್ ಮೂತಿಯಿಂದಲ್ಲ. ಹಾಗಾಗಿ ಗೊಂಬೆಗೂ ಲೆನ್ಸ್‌ಗೂ ನಡುವೆ ಉಳಿಯುವುದು ಅದರ ಅರ್ಧದಷ್ಟು.

ಬರೀ ಮುಖ, ಬರೀ ಗುರಾಣಿಯ ಚಿತ್ರ ಬೇಕೆಂದರೆ ಎಕ್ಸ್‌ಟೆನ್ಷನ್ ಟ್ಯೂಬ್ ಕೊಳ್ಳಬಹುದು. ಅದರೊಳಗೆ ಗಾಜಿಲ್ಲ, ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುವ ಖಾಲಿ ಉಂಗುರ ಅಷ್ಟೇ. ಟ್ಯೂಬಿನ ಉದ್ದವನ್ನು ಲೆನ್ಸ್‌ನ ಫೋಕಲ್ ಉದ್ದದಿಂದ (ಲೆನ್ಸ್ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆ) ಭಾಗಿಸಿದಷ್ಟು ವರ್ಧನೆ ಹೆಚ್ಚುತ್ತದೆ: 50 ಮಿ.ಮೀ. ಲೆನ್ಸ್‌ಗೆ 12 ಮಿ.ಮೀ. ಟ್ಯೂಬ್ ಹಾಕಿದರೆ 0.24. ಕೊಳ್ಳುವಾಗ ಒಳಗೆ ಲೋಹದ ಸಂಪರ್ಕ ಬಿಂದುಗಳಿವೆಯೇ ನೋಡಿ. ಅವಿಲ್ಲದ ಅಗ್ಗದ ಟ್ಯೂಬಿನಲ್ಲಿ ಕ್ಯಾನನ್ ಇಎಫ್ ಲೆನ್ಸ್‌ನ ಅಪರ್ಚರ್ ಮುಚ್ಚುವುದೇ ಇಲ್ಲ, ಪೂರ್ತಿ ತೆರೆದೇ ಇರುತ್ತದೆ. ಸ್ಪಷ್ಟ ಆಳ ಒಂದು ಮಿ.ಮೀ.ಗೂ ಕೆಳಗಿಳಿಯುತ್ತದೆ.

ತೀರಾ ಹತ್ತಿರದ ಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ಆಸಕ್ತಿ ಇದ್ದವರು ಫೋಕಲ್ ಉದ್ದ ನೋಡಿ ಆಯ್ಕೆ ಮಾಡಲಿ. ನಮಗೆ ಬೇಕಾದ 0.47 ಪಟ್ಟಿನಲ್ಲಿ 60 ಮಿ.ಮೀ. ಲೆನ್ಸ್ ಗೊಂಬೆಯಿಂದ ಸುಮಾರು 19 ಸೆಂ.ಮೀ. ದೂರ ಕೊಡುತ್ತದೆ, 90 ಮಿ.ಮೀ. ಲೆನ್ಸ್ 28 ಸೆಂ.ಮೀ. ಸೋನಿಯ 30 ಮಿ.ಮೀ. ಮ್ಯಾಕ್ರೋ ಅಗ್ಗವೇ ಹೌದು, ಆದರೆ ಗೊಂಬೆಯ ಮೇಲೆ ನೆರಳು ಹಾಕುವಷ್ಟು ಹತ್ತಿರಕ್ಕೆ ಒಯ್ಯುತ್ತದೆ. ಎಪಿಎಸ್-ಸಿಗೆ ಕ್ಯಾನನ್‌ನ ಇಎಫ್-ಎಸ್ 60 ಅಥವಾ ಟ್ಯಾಮ್ರಾನ್‌ನ 90, ಮೈಕ್ರೋ ಫೋರ್ ಥರ್ಡ್ಸ್‌ಗೆ ಒಲಿಂಪಸ್ 60 ಹೆಚ್ಚು ಹಿತ.

ಫೋನ್ ಸಾಲದೇ?

ಸಾಲುತ್ತದೆ, ಅದರ ಅಭ್ಯಾಸಗಳನ್ನು ತಿಳಿದುಕೊಂಡರೆ. ಈಚಿನ ಫೋನ್‌ಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ದೊಡ್ಡದಾಗಿದೆ, ಅಪರ್ಚರ್ ಎಫ್/1.8ರ ಆಸುಪಾಸಿನಲ್ಲಿ ಬಹುತೇಕ ಸ್ಥಿರ. ಹತ್ತಿರ ಹೋದಾಗ ಫೋನ್ ಹೇಳದೆ ಕೇಳದೆ ಅಗಲ ನೋಟದ ಅಲ್ಟ್ರಾವೈಡ್ ಲೆನ್ಸ್‌ಗೆ ಬದಲಾಗುತ್ತದೆ. 2021ರ ಐಫೋನ್ 13 ಪ್ರೊ 2 ಸೆಂ.ಮೀ. ಹತ್ತಿರದ ಮ್ಯಾಕ್ರೋ ಕೊಟ್ಟದ್ದು ಹೀಗೆಯೇ. ಆಗ ಮೇಲೆ ಹೇಳಿದ ಊದಿದ ಬಂದೂಕು ಪ್ರತ್ಯಕ್ಷ. ಆ ಸ್ವಯಂ ಬದಲಾವಣೆಯನ್ನು ಆರಿಸಿ, 25–30 ಸೆಂ.ಮೀ. ಹಿಂದೆ ನಿಂತು, 2 ಪಟ್ಟು ಅಥವಾ 3 ಪಟ್ಟು ಝೂಮ್‌ನಲ್ಲಿ ತೆಗೆದು ಕತ್ತರಿಸಿ. ಝೂಮ್ ಒತ್ತಿದಾಗ ನಿಜವಾಗಿ ಯಾವ ಲೆನ್ಸ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಒಂದೊಂದೇ ಲೆನ್ಸ್ ಮೇಲೆ ಬೆರಳಿಟ್ಟು ನೋಡಿ, ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಅದೇ.

ಫೋನಿನ ನಿಜವಾದ ಮಿತಿ ಅದರ ಸಂಸ್ಕರಣೆ. ನೆರಳನ್ನು ಎತ್ತಿ, ಬೆಳಕನ್ನು ಇಳಿಸಿ, ಅಂಚುಗಳನ್ನು ಚೂಪಾಗಿಸುವ ಅದರ ತಂತ್ರಾಂಶಕ್ಕೆ ಬಣ್ಣಗಾರ ಬೇಕೆಂದೇ ಹಚ್ಚಿದ ನೆರಳು ಯಾವುದು, ಕೋಣೆಯ ನೆರಳು ಯಾವುದು ಗೊತ್ತಾಗುವುದಿಲ್ಲ. ಪದರ ಪದರವಾಗಿ ತೆಳುಬಣ್ಣ ಕೊಟ್ಟು ಸಾಧಿಸಿದ ನುಣುಪು ಇಳಿಜಾರು ಫೋಟೋದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಪ್ರೊ ಮೋಡ್‌ನಲ್ಲಿ ರಾ ಫೈಲ್ (ಫೋನ್ ತಿದ್ದದ ಮೂಲ ಕಡತ) ತೆಗೆದರೆ ಇದು ಬಹುಪಾಲು ತಪ್ಪುತ್ತದೆ.

ಕ್ಯಾಮೆರಾದಲ್ಲಿ ಇರಲೇಬೇಕಾದದ್ದು

ಅಪರ್ಚರ್ ನಾವು ಆರಿಸಿ ಶಟರ್ ವೇಗವನ್ನು ಕ್ಯಾಮೆರಾಗೆ ಬಿಡುವ ಅಪರ್ಚರ್ ಪ್ರಯಾರಿಟಿ ಮೋಡ್, ಕೈಯಾರೆ ಫೋಕಸ್ ಮಾಡುವಾಗ ಚಿತ್ರವನ್ನು 5 ಅಥವಾ 10 ಪಟ್ಟು ಹಿಗ್ಗಿಸಿ ತೋರಿಸುವ ಲೈವ್ ವ್ಯೂ, ಬಿಳಿ ಅಥವಾ ಬೂದು ಕಾಗದ ತೋರಿಸಿ ನಿಗದಿಪಡಿಸುವ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕ ತಿದ್ದುಪಡಿ), ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಒಟ್ಟು ಬೆಳಕು) ತಿದ್ದುವ ಸೌಲಭ್ಯ, 2 ಸೆಕೆಂಡ್ ಟೈಮರ್, ಟ್ರೈಪಾಡ್ ತಿರುಪಿಗೆ ತೂತು. ಇವು ಬೇಕೇ ಬೇಕು. ಮಡಚುವ ಪರದೆಯನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ. ಗೊಂಬೆಯ ಎದೆಯ ಮಟ್ಟಕ್ಕೆ ಕ್ಯಾಮೆರಾ ಇಳಿಸಿದಾಗಲೇ ಅದು ಆಟಿಕೆಯಂತೆ ಕಾಣದೆ ವೀರನಂತೆ ಕಾಣುತ್ತದೆ. ಆ ಮಟ್ಟದಲ್ಲಿ ಪರದೆ ಮಡಚದಿದ್ದರೆ ಮೇಜಿನ ಮೇಲೆ ಗಲ್ಲ ಊರಿ ನೋಡಬೇಕು. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ರಲ್ಲೇ ಟ್ರೈಪಾಡ್ ಮೇಲೆ ಕೆಲಸ ನಡೆಯುವುದರಿಂದ ಕತ್ತಲಲ್ಲೂ ತೆಗೆಯುವ ಶಕ್ತಿ, ಸೆಕೆಂಡಿಗೆ ಇಪ್ಪತ್ತು ಫೋಟೋ, ವೇಗದ ಆಟೋಫೋಕಸ್ ಯಾವುದಕ್ಕೂ ಕೆಲಸವಿಲ್ಲ. ಹೊಸ ಮಾದರಿಗಳ ಬೆಲೆ ಏರಿಸುವುದು ಬಹುತೇಕ ಇಂಥವೇ.

ಆದ್ದರಿಂದ ಬಳಸಿದ ಹಳೆಯ ಕ್ಯಾಮೆರಾ ಇಲ್ಲಿ ಜಾಣ ಆಯ್ಕೆ. 2011ರ ಕ್ಯಾನನ್ 600ಡಿ 18 ಮೆಗಾಪಿಕ್ಸೆಲ್, ತಿರುಗುವ ಪರದೆ. 2013ರ ನಿಕಾನ್ ಡಿ5300ಕ್ಕೆ 24 ಮೆಗಾಪಿಕ್ಸೆಲ್, ಅದರದ್ದೂ ತಿರುಗುವ ಪರದೆ. ಮೇಲಿನ ಪಟ್ಟಿಯಲ್ಲಿರುವುದೆಲ್ಲ ಎರಡರಲ್ಲೂ ಉಂಟು. ನಿಕಾನ್ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: ಎಎಫ್-ಪಿ ಎಂದು ಬರೆದ 18–55 ಲೆನ್ಸ್ ಡಿ3100, ಡಿ90ಯಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ. ಅದರ ಫೋಕಸ್ ಉಂಗುರವೂ ವಿದ್ಯುತ್ತಿನದ್ದೇ ಆದ್ದರಿಂದ ಕೈಯಿಂದ ತಿರುಗಿಸಿದರೂ ಪ್ರಯೋಜನವಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಜೇಬಿನಲ್ಲಿ ಹತ್ತು ರೂಪಾಯಿ ನಾಣ್ಯ, ಸಣ್ಣದೊಂದು ಸ್ಕೇಲು, ಟಾರ್ಚು ಇರಲಿ. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯದ ವ್ಯಾಸ 27 ಮಿ.ಮೀ. ಲೆನ್ಸನ್ನು ಪೂರ್ತಿ ಝೂಮ್ ಮಾಡಿ, ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಹೋಗಿ ನಾಣ್ಯದ ಫೋಟೋ ತೆಗೆಯಿರಿ. ಚಿತ್ರದ ಉದ್ದ ಬದಿಯ ಅರ್ಧದಷ್ಟನ್ನು ನಾಣ್ಯ ತುಂಬಿದರೆ ಆ ಚೌಕಟ್ಟು 54 ಮಿ.ಮೀ., ಅಂದರೆ ಬೇಕಾದಷ್ಟಾಯಿತು. ಮೂರನೇ ಒಂದು ಭಾಗ ತುಂಬಿದರೂ ಚಿಂತೆಯಿಲ್ಲ, 81 ಮಿ.ಮೀ. ಚೌಕಟ್ಟನ್ನು ಕತ್ತರಿಸಿಕೊಳ್ಳಬಹುದು. ಐದನೇ ಒಂದು ಭಾಗಕ್ಕಿಂತ ಚಿಕ್ಕದಾಗಿ ಮೂಡಿದರೆ ಆ ಲೆನ್ಸ್ ಬೇಡ. ಇನ್ನು ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು ಎಫ್/11ರಲ್ಲಿ ತೆಗೆದು ಎಷ್ಟು ಗೆರೆ ಸ್ಪಷ್ಟವಾಗಿವೆ ಎಣಿಸಿ. ಆ ಸಂಖ್ಯೆಯನ್ನು 0.7ರಿಂದ ಗುಣಿಸಿದರೆ ನಿಮಗೆ ಸಿಗುವ ನಿಜವಾದ ಆಳ, ಮಿಲಿಮೀಟರಿನಲ್ಲಿ.

ಟಾರ್ಚನ್ನು ಲೆನ್ಸ್‌ನ ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ, ಗಾಜಿನ ಲೇಪವನ್ನೇ ತಿಂದಿದ್ದರೆ ತೊಳೆದರೂ ಗುರುತು ಹೋಗುವುದಿಲ್ಲ. ಎರಡು ಮೂರು ಧೂಳಿನ ಕಣಗಳಿಗೆ ಅಂಜಬೇಕಿಲ್ಲ. ಸೆನ್ಸರ್ ಮೇಲಿನ ಧೂಳು ಮಾತ್ರ ಬೇರೆ ಮಾತು: ಮದುವೆ ಫೋಟೋ ತೆಗೆಯುವವರು ಎಫ್/2.8ರಲ್ಲಿ ಅದನ್ನು ಕಾಣದೇ ಇರಬಹುದು, ನಾವು ಎಫ್/11, ಎಫ್/16ರಲ್ಲೇ ಇರುವುದರಿಂದ ಪ್ರತಿ ಚಿತ್ರದಲ್ಲೂ ಬೂದು ಚುಕ್ಕಿಗಳಾಗಿ ಕಾಣುತ್ತದೆ. ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಎಫ್/16ರಲ್ಲಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಶಟರ್ ಎಷ್ಟು ಸಾವಿರ ಸಲ ಬಡಿದಿದೆ ಎಂಬ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಗೊಂಬೆ ಫೋಟೋಗೆ ತಿಂಗಳಿಗೆ ಐವತ್ತು ಸಲ ಬಡಿದರೆ ಹೆಚ್ಚು.

ಉಳಿದ ಹಣ ದೀಪಕ್ಕೆ

ಬಣ್ಣ ತಪ್ಪುವುದಕ್ಕೆ ಕ್ಯಾಮೆರಾಗಿಂತ ದೀಪವೇ ಹೆಚ್ಚು ಹೊಣೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿರುವ, 5000ರಿಂದ 5500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ), ಒಂದೇ ಮಾದರಿಯ ಎರಡು ಎಲ್‌ಇಡಿ ದೀಪ ಕೊಳ್ಳಿ. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಇಲ್ಲದ ಕೆಂಪನ್ನು ವೈಟ್ ಬ್ಯಾಲೆನ್ಸ್ ಹುಟ್ಟಿಸಲಾರದು, ಗೊಂಬೆಯ ಕೆಂಪು ಮೇಲುಡುಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಬೆಳಕು ಒಂದು ಕಡೆ, ದೀಪ ಒಂದು ಕಡೆ ಇದ್ದರೂ ಹೀಗೇ: ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಪರದೆ ಎಳೆದು, ಕೋಣೆಯ ಉಳಿದ ದೀಪಗಳನ್ನು ಆರಿಸಿ ಕೆಲಸ ಶುರು ಮಾಡಬೇಕು.

ದೀಪದ ಮುಂದೆ ಎ4 ಅಳತೆಯ ಬಟರ್ ಪೇಪರ್ ಹಿಡಿಯಿರಿ. 40 ಮಿ.ಮೀ. ಗೊಂಬೆಗೆ ಎ4 ಹಾಳೆ ಎಂದರೆ ಮನುಷ್ಯನಿಗೆ ಹತ್ತು ಮೀಟರ್ ಮೀರಿದ ಕಿಟಕಿಯಿದ್ದಂತೆ, ನೆರಳಿನ ಅಂಚು ಮೃದುವಾಗುತ್ತದೆ. ಒಂದು ದೀಪ ಎಡ ಮೇಲಿನಿಂದ ಹತ್ತಿರದಲ್ಲಿ, ಇನ್ನೊಂದು ಬಲದಿಂದ ಅದರ ಎರಡರಷ್ಟು ದೂರದಲ್ಲಿ. ಎರಡನ್ನೂ ಸಮ ದೂರದಲ್ಲಿಟ್ಟರೆ ಉಬ್ಬುತಗ್ಗು ಅಳಿಸಿಹೋಗುತ್ತದೆ. ಮ್ಯಾಟ್ ವಾರ್ನಿಷ್ ಕೊಟ್ಟ ಗೊಂಬೆ ಸುಲಭ. ಹೊಳಪಿನದ್ದು ಕಷ್ಟ, ಚನ್ನಪಟ್ಟಣದ ಅರಗಿನ ಬೊಂಬೆಯ ಹಾಗೆ ದೀಪದ ಬಿಂಬವನ್ನೇ ಹೊತ್ತು ನಿಲ್ಲುತ್ತದೆ. ಅಂಥದ್ದಕ್ಕೆ ಹಾಳೆಯನ್ನು ಇನ್ನೂ ಹತ್ತಿರ ತನ್ನಿ, ಬಿಂಬ ಚುಕ್ಕಿಯಾಗಿರುವ ಬದಲು ಮೆದು ಪಟ್ಟೆಯಾಗುತ್ತದೆ.

ಹತ್ತು ವ್ಯಾಟ್‌ನ ಎರಡು ದೀಪ, ಐಎಸ್ಒ 100, ಎಫ್/11 ಇದ್ದರೆ ಶಟರ್ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನ ನಡುವೆ ಬರುತ್ತದೆ. ಕೈಯಲ್ಲಿ ಹಿಡಿದರೆ ಚಿತ್ರ ಅಲುಗುವುದು ಖಂಡಿತ, ಟೈಮರ್ ಬೇಕು, ಲೆನ್ಸ್‌ನ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ಏರ್ಪಾಡು) ಆರಿಸಿರಬೇಕು. ಇದರಲ್ಲಿ ಒಂದು ಲಾಭವೂ ಇದೆ: ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಸೆಕೆಂಡಿಗೆ ನೂರು ಸಲ ಮಿನುಗುವ ಎಲ್‌ಇಡಿ ಫೋನಿನ ವೇಗದ ಶಟರ್‌ನಲ್ಲಿ ಪಟ್ಟೆ ಮೂಡಿಸುತ್ತದೆ, ಅರ್ಧ ಸೆಕೆಂಡಿನಲ್ಲಿ ಆ ಐವತ್ತು ಮಿನುಗು ಕಲೆತು ಸಮವಾಗುತ್ತವೆ.

ಹಿನ್ನೆಲೆ ಬಿಳಿಯಾದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಗೊಂಬೆಯನ್ನು ಕತ್ತಲಾಗಿಸುತ್ತದೆ, ಎಕ್ಸ್‌ಪೋಶರ್ +1ರಿಂದ +1.7 ಕೊಡಿ. ಕಪ್ಪಾದರೆ -1. ನಡುಬೂದು ಹಾಳೆಗೆ ಏನೂ ಬೇಡ, ನನಗೆ ಅದೇ ಮೆಚ್ಚು. ಕೆಂಪು ಕವಚದ ಗೊಂಬೆಯಾದರೆ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪಿನ ಗೆರೆಯನ್ನು ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿಯಿದ್ದಾಗಲೂ ಕೆಂಪೊಂದೇ ಬಲಗೋಡೆಗೆ ತಾಗಿರಬಹುದು. ಆಗ ಐದು ಪದರದ ಕೆಂಪು ಒಂದೇ ಬಣ್ಣದ ತೇಪೆಯಾಗಿ ಬಿಡುತ್ತದೆ.

ಇನ್ನೂ ಹೆಚ್ಚು ಆಳ ಬೇಕಾದಾಗ

ಎಫ್/8ರಲ್ಲಿ ಎಪಿಎಸ್-ಸಿ ಕೊಡುವ ಆಳ ಎರಡು ಮಿ.ಮೀ. ಮುಂದಿನ ಬೂಟಿನ ತುದಿಯಿಂದ ಹಿಂದಿನ ಭುಜದವರೆಗೆ 15 ಮಿ.ಮೀ. ಎಂದುಕೊಂಡು ಒಂದೂವರೆ ಮಿ.ಮೀ.ಗೊಂದರಂತೆ ಫೋಕಸ್ ಸರಿಸುತ್ತ ಹತ್ತು ಫೋಟೋ ತೆಗೆದು, ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶದಲ್ಲಿ ಒಂದಾಗಿ ಹೆಣೆಯಬಹುದು. 2014ರ ಒಲಿಂಪಸ್ ಟಿಜಿ-3ರಿಂದ ಆ ಸರಣಿಯ ಪುಟ್ಟ ಕ್ಯಾಮೆರಾಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ನಿಕಾನ್ ಡಿ850, ಕ್ಯಾನನ್ ಆರ್‌ಪಿಯಂಥವು ಫೋಕಸ್ ಸರಿಸಿ ಫೋಟೋಗಳ ಸರಣಿ ತೆಗೆದುಕೊಡುತ್ತವೆ, ಹೆಣೆಯುವುದು ನಮ್ಮ ಪಾಲು. ತೆಗೆಯುವ ನಡುವೆ ಮೇಜು ಅಲುಗಿದರೆ ಅಥವಾ ಹೆಜ್ಜೆ ದೊಡ್ಡದಾದರೆ ಹೊಟ್ಟೆಯ ಮೇಲೊಂದು ಮಸುಕು ಪಟ್ಟೆ ಬರುತ್ತದೆ. ಮುಖದ ಮುಂದೆ ಅಡ್ಡ ಹಾಯುವ ಭರ್ಜಿಯ ಸುತ್ತ ಬೆಳಕಿನ ಕಟ್ಟು ಮೂಡುವುದು ತಂತ್ರಾಂಶದ ತಪ್ಪಲ್ಲ. ಭರ್ಜಿ ಮಸುಕಾಗಿ ಹರಡಿದ್ದಾಗ ಅದರ ಹಿಂದಿನ ಕೆನ್ನೆಯನ್ನು ಯಾವ ಫೋಟೋವೂ ಕಂಡಿರುವುದಿಲ್ಲ. ಆ ಜಾಗವನ್ನು ಕೈಯಾರೆ ತಿದ್ದಬೇಕು, ಇಲ್ಲವೇ ಗೊಂಬೆಯನ್ನು ಹತ್ತು ಡಿಗ್ರಿ ತಿರುಗಿಸಿ ಭರ್ಜಿಯನ್ನು ಮುಖದಿಂದ ಆಚೆ ಸರಿಸಿ ಮತ್ತೆ ಮೊದಲಿಂದ ತೆಗೆಯಬೇಕು. ಎರಡನೆಯದೇ ಬೇಗ ಮುಗಿಯುತ್ತದೆ.